ತಿರುವಿನಲ್ಲಿ ವಾಲುವ ಹಳೆಯ ಕಾರು: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಸ್ಪ್ರಿಂಟ್ ಇರಲಿ, ಹಿಲ್‌ಕ್ಲೈಂಬ್ ಇರಲಿ, ಆಟೋಕ್ರಾಸ್ ಇರಲಿ, ಗಡಿಯಾರದ ಜೊತೆ ಪೈಪೋಟಿಯ ಈ ಸ್ಪರ್ಧೆಗಳಲ್ಲಿ ಹಳೆಯ ಕಾರು ಓಡಿಸುವವರ ಮೊದಲ ದೂರು ಒಂದೇ: ತಿರುವಿನಲ್ಲಿ ತುಂಬ ವಾಲುತ್ತದೆ. ಅದಕ್ಕೆ ಸಿಗುವ ಮೊದಲ ಸಲಹೆಯೂ ಒಂದೇ: ದಪ್ಪ ಆಂಟಿ-ರೋಲ್ ಬಾರ್ (ಎಡಬಲ ಚಕ್ರಗಳ ಸಸ್ಪೆನ್ಷನ್ ಅನ್ನು ಜೋಡಿಸಿ, ತಾನು ತಿರುಚಿಕೊಂಡು ವಾಲುವುದನ್ನು ತಡೆಯುವ ಉಕ್ಕಿನ ಸರಳು) ಹಾಕಿಸಿ. ಬಾರ್ ಹಾಕಿದ ಮೇಲೆ ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಮೂತಿ ತಿರುಗುವುದಿಲ್ಲ, ಒಳಗಿನ ಚಕ್ರ ಹಿಡಿತ ಬಿಟ್ಟು ಗಿರಗಿರ ಸುತ್ತುತ್ತದೆ, ಸಮಯ ಮಾತ್ರ ಅಲ್ಲೇ ನಿಂತಿರುತ್ತದೆ. ಹಳೆಯ ಕಾರಿನಲ್ಲಿ ಬಾರ್ ಕೊನೆಯ ಮದ್ದು. ಅದಕ್ಕೆ ಮುಂಚೆ ಸವೆದ ಬುಷ್ (ಕೀಲುಗಳೊಳಗೆ ಕೂರುವ ರಬ್ಬರ್), ಸತ್ತ ಶಾಕ್ (ಸ್ಪ್ರಿಂಗ್‌ನ ಕುಣಿತ ತಡೆಯುವ ಭಾಗ), ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಓಡಾಟದ ಕೊನೆಯಲ್ಲಿರುವ ರಬ್ಬರ್ ತಡೆಗೆ) ಬಡಿಯುವ ಆರ್ಮ್ (ಚಕ್ರವನ್ನು ಬಾಡಿಗೆ ಜೋಡಿಸುವ ತೋಳು), ತಪ್ಪು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಇವನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಬೇಕು.

ವಾಲುವುದು ಬೇರೆ, ಭಾರ ಹೊರಳುವುದು ಬೇರೆ

ಈ ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಎಲ್ಲ ತೀರ್ಮಾನವೂ ತಪ್ಪುತ್ತದೆ. 900 ಕೆ.ಜಿ. ತೂಕದ ಕಾರು, ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಟ್ರ್ಯಾಕ್ ಅಗಲ (ಎಡಬಲ ಚಕ್ರಗಳ ನಡುವಿನ ಅಂತರ) 1.25 ಮೀಟರ್ ಎಂದಿಟ್ಟುಕೊಳ್ಳಿ. 0.8 ಜಿ ಬಲದಲ್ಲಿ (ಕಾರಿನ ತೂಕದ 0.8 ಪಟ್ಟು ಪಕ್ಕದ ಬಲದಲ್ಲಿ) ತಿರುಗುವಾಗ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೊರಳುವ ಭಾರ 900 × 0.8 × 0.5 ÷ 1.25, ಅಂದರೆ 288 ಕೆ.ಜಿ. ಈ ಲೆಕ್ಕದಲ್ಲಿ ಸ್ಪ್ರಿಂಗ್ ಗಟ್ಟಿಯೋ ಮೆದುವೋ ಎಂಬ ಅಂಕಿಗೆ ಜಾಗವೇ ಇಲ್ಲ. ಎಷ್ಟೇ ದಪ್ಪ ಬಾರ್ ಹಾಕಿದರೂ ಒಟ್ಟು 288 ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು ಎಂಬ ಪಾಲನ್ನಷ್ಟೇ ಬಾರ್ ಬದಲಿಸುತ್ತದೆ. ಒಟ್ಟು ಕಡಿಮೆಯಾಗಬೇಕಾದರೆ ಭಾರಕೇಂದ್ರ ಇಳಿಯಬೇಕು, ಇಲ್ಲವೇ ಟ್ರ್ಯಾಕ್ ಅಗಲವಾಗಬೇಕು.

ಹಾಗಾದರೆ ವಾಲುವುದರಿಂದ ತೊಂದರೆ ಏನು? ಹೊರಗಿನ ಮುಂಚಕ್ರದ ಕ್ಯಾಂಬರ್ ಕೆಟ್ಟು ಟೈರ್ ತನ್ನ ಹೊರ ಅಂಚಿನ ಮೇಲೆ ಓಡುತ್ತದೆ. ಸಸ್ಪೆನ್ಷನ್‌ನ ಓಡಾಟ ಮುಗಿದು ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಸ್ಟಿಯರಿಂಗ್ ಅನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನ ಬದಲಾಗಿ ಚಕ್ರ ತಾನಾಗಿಯೇ ತಿರುಗುತ್ತದೆ. ಎಡಬಲ ತಿರುವುಗಳು ಒಂದರ ಹಿಂದೆ ಒಂದು ಬಂದಾಗ ಕಾರು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವುದಕ್ಕೇ ಸಮಯ ಹೋಗುತ್ತದೆ. ಈ ನಾಲ್ಕರಲ್ಲಿ ಯಾವುದೂ ಆಗದೆ ಕಾರು ವಾಲುತ್ತಿದ್ದರೆ, ವಾಲಲಿ ಬಿಡಿ.

ಅಳತೆಯಿಂದ ಆರಂಭ

ಖಾಲಿ, ಸಮತಟ್ಟಾದ ಜಾಗದಲ್ಲಿ 14 ಮೀಟರ್ ತ್ರಿಜ್ಯಕ್ಕೆ ಕೋನ್‌ಗಳನ್ನು ವೃತ್ತಾಕಾರದಲ್ಲಿ ಇಡಿ. ಅವನ್ನು ಒತ್ತಿಕೊಂಡೇ ಸುತ್ತಿದರೆ ಕಾರಿನ ನಡುಗೆರೆ ಸುಮಾರು 15 ಮೀಟರ್ ತ್ರಿಜ್ಯದಲ್ಲಿ ಓಡುತ್ತದೆ. ಒಂದು ಸುತ್ತಿಗೆ ಹಿಡಿಯುವ ಸೆಕೆಂಡನ್ನು ಅದರಿಂದಲೇ ಗುಣಿಸಿ, 60ನ್ನು ಆ ಗುಣಲಬ್ಧದಿಂದ ಭಾಗಿಸಿದರೆ ಎಷ್ಟು ಜಿ ಎಂದು ಸಿಗುತ್ತದೆ. 10 ಸೆಕೆಂಡಾದರೆ 0.60, 9 ಆದರೆ 0.74, ಎಂಟೂವರೆ ಆದರೆ 0.83. ವೇಗ ಗಂಟೆಗೆ 40 ಕಿ.ಮೀ. ಆಸುಪಾಸಿನಲ್ಲೇ ಇರುವುದರಿಂದ ಅಪಾಯ ಕಡಿಮೆ. ಎಡಕ್ಕೆ ಐದು ಸುತ್ತು, ಬಲಕ್ಕೆ ಐದು ಸುತ್ತು. ಎರಡೂ ಕಡೆಯ ಸಮಯವನ್ನು ಬೇರೆ ಬೇರೆಯಾಗಿ ಬರೆದಿಡಿ.

ಸುತ್ತುವಾಗ ಒಬ್ಬರು ದೂರದಲ್ಲಿ ನಿಂತು ಕಾರು ಎದುರಿಗೆ ಬರುವ ಕ್ಷಣದಲ್ಲಿ ಫೋಟೋ ತೆಗೆಯಲಿ. ಫೋಟೋ ಮೇಲೆ ಎರಡು ಗೆರೆ ಎಳೆಯಿರಿ: ಎರಡು ಹೆಡ್‌ಲ್ಯಾಂಪ್‌ಗಳ ನಡುಬಿಂದು ಸೇರಿಸಿ ಒಂದು, ಎರಡು ಮುಂಟೈರ್‌ಗಳು ನೆಲ ಮುಟ್ಟುವ ಜಾಗ ಸೇರಿಸಿ ಇನ್ನೊಂದು. ಇವುಗಳ ನಡುವಿನ ಕೋನವೇ ವಾಲುವ ಕೋನ. ರಸ್ತೆಗೆಂದೇ ಮೆದುವಾಗಿ ಮಾಡಿದ ಹಳೆಯ ಕಾರಿನಲ್ಲಿ ಇದು ಒಂದು ಜಿಗೆ ಸುಮಾರು 6ರಿಂದ 8 ಡಿಗ್ರಿ, ಸ್ಪರ್ಧೆಗೆ ಸಿದ್ಧಪಡಿಸಿದ ಕಾರಿನಲ್ಲಿ 2ರಿಂದ 4 ಡಿಗ್ರಿ ಇರುತ್ತದೆ.

ಜೊತೆಗೆ ಪ್ರತಿಯೊಂದು ಶಾಕ್‌ನ ಹೊಳೆಯುವ ರಾಡ್‌ಗೆ ಸಣ್ಣ ಕೇಬಲ್ ಟೈ ಬಿಗಿದು, ಅದನ್ನು ಸೀಲ್‌ವರೆಗೆ ಕೆಳಕ್ಕೆ ತಳ್ಳಿಡಿ. ಸುತ್ತು ಮುಗಿದ ಮೇಲೆ ಅದು ಎಲ್ಲಿಗೆ ಹೋಗಿ ನಿಂತಿದೆಯೋ ಸಸ್ಪೆನ್ಷನ್ ಅಲ್ಲಿಯವರೆಗೆ ಒತ್ತಿಕೊಂಡಿತ್ತು ಎಂದರ್ಥ. ಎರಡು ರೂಪಾಯಿಯೂ ಆಗದ ಈ ಕೇಬಲ್ ಟೈ ಹೇಳುವಷ್ಟನ್ನು ಸೀಟಿನಲ್ಲಿ ಕೂತವರ ಬೆನ್ನು ಹೇಳಲಾರದು.

ದೂರನ್ನು ಬಿಡಿಸಿ ಬರೆಯಿರಿ

"ಹಿಡಿತ ಇಲ್ಲ" ಎಂದು ಬರೆದರೆ ಏನೂ ಪತ್ತೆಯಾಗುವುದಿಲ್ಲ. ತಿರುವಿನ ಯಾವ ಹಂತದಲ್ಲಿ ಎಂಬುದು ಮುಖ್ಯ. ಸ್ಟಿಯರಿಂಗ್ ತಿರುಗಿಸಿದ ಮೊದಲ ಅರ್ಧ ಸೆಕೆಂಡಿನಲ್ಲಿ ಕಾರು ತಡವರಿಸಿದರೆ ಅನುಮಾನ ಶಾಕ್, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು), ಬುಷ್ ಮತ್ತು ಸ್ಟಿಯರಿಂಗ್‌ನ ಪ್ಲೇ (ಸಡಿಲ ಆಟ) ಮೇಲೆ. ತಿರುವಿನ ನಡುವೆ, ಎಲ್ಲ ಒಂದು ಸ್ಥಿತಿಗೆ ಬಂದು ನಿಂತ ಮೇಲೂ ಜಾರುತ್ತಿದ್ದರೆ ಸ್ಪ್ರಿಂಗ್, ಬಾರ್, ಕ್ಯಾಂಬರ್, ಟೈರ್ ಒತ್ತಡ, ಬಂಪ್ ಸ್ಟಾಪ್ ನೋಡಬೇಕು. ಆಕ್ಸಿಲರೇಟರ್ ಒತ್ತಿ ಹೊರಬರುವಾಗ ಕೆಟ್ಟರೆ ಹಿಂದಿನ ಆಕ್ಸಲ್ ಹಿಡಿದಿರುವ ಬಗೆ ಮತ್ತು ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ). ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ತಿರುಗದಿದ್ದರೆ ಅದು ಬೇರೆಯೇ ದಾರಿ, ಕೆಳಗೆ ಬರುತ್ತದೆ.

ಸವೆದದ್ದನ್ನು ಹುಡುಕುವುದು

ಕಾರನ್ನು ಬರೀ ಜ್ಯಾಕ್ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಸಹಾಯಕರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗ್, ಹಾಗೆಯೇ ಉಳಿದರೆ ಚಕ್ರ ತಿರುಗುವ ಕೀಲು, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಸಿಗುವ ಪ್ಲೇ ಹೆಚ್ಚಾಗಿ ಟೈ ರಾಡ್ ತುದಿ ಅಥವಾ ಸ್ಟಿಯರಿಂಗ್‌ನ ಹಲ್ಲುಪಟ್ಟಿಯಾದ ರ‍್ಯಾಕ್‌ನದು. ರ‍್ಯಾಕ್ ಅನ್ನು ಚಾಸಿಗೆ ಹಿಡಿದಿರುವ ರಬ್ಬರ್ ಎಣ್ಣೆ ಕುಡಿದು ಊದಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಇಡೀ ರ‍್ಯಾಕ್ ಪಕ್ಕಕ್ಕೆ ಸರಿಯುತ್ತದೆ. ಕಾರು ನೆಲದ ಮೇಲಿರುವಾಗಲೇ ಒಬ್ಬರು ಸ್ಟಿಯರಿಂಗ್ ಆಡಿಸಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ರಬ್ಬರ್ ಬುಷ್‌ಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹೊಸ ಬುಷ್ ಹಾಕಿದ ಕಾರಿನಲ್ಲೂ ಈ ತಪ್ಪು ಪದೇಪದೇ ಸಿಗುತ್ತದೆ. ಹಳೆಯ ಕಾರಿನ ಬಹುಪಾಲು ಬುಷ್‌ಗಳಲ್ಲಿ ರಬ್ಬರ್, ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಆ ಕೊಳವೆ ಬ್ರ್ಯಾಕೆಟ್‌ಗೆ ಕಚ್ಚಿಕೊಂಡು ಅಲುಗದೆ ನಿಲ್ಲುತ್ತದೆ. ಆರ್ಮ್ ಆಡುವಾಗ ಆಡುವುದು ಬೋಲ್ಟ್ ಅಲ್ಲ, ತಿರುಚಿಕೊಳ್ಳುವ ರಬ್ಬರ್. ಈಗ ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ಕೆಳಗಿಳಿದ ಕ್ಷಣವೇ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲಿ ನಿಲ್ಲುತ್ತದೆ. ಅದೇ ಒಂದು ಗುಟ್ಟಾದ ಸ್ಪ್ರಿಂಗ್ ಆಗಿ ಕಾರನ್ನು ಆ ಮೂಲೆಯಲ್ಲಿ ಎತ್ತಿ ಹಿಡಿಯುತ್ತದೆ. ಎಡಬಲದ ಎತ್ತರ ಹೊಂದುವುದಿಲ್ಲ. ಕೆಲವು ಓಟಗಳಲ್ಲಿ ರಬ್ಬರ್‌ನ ಅಂಚಿನಲ್ಲಿ ಉಂಗುರದಂತೆ ಸೀಳು ಬಿಟ್ಟು, ಕೊಳವೆಯ ಸುತ್ತ ಕಪ್ಪು ಪುಡಿ ಕಾಣತೊಡಗುತ್ತದೆ. ಹಾಗಾಗಿ ಬೋಲ್ಟ್‌ಗಳನ್ನು ಬೆರಳಲ್ಲಿ ಬಿಗಿದು, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಚಾಲಕರನ್ನು ಕೂರಿಸಿ, ಎರಡು ಸಲ ಒತ್ತಿ ಬಿಟ್ಟು, ಆಮೇಲೆ ನಿಗದಿತ ಟಾರ್ಕ್‌ಗೆ ಬಿಗಿಯಬೇಕು.

ಪಾಲಿಯುರೆಥೇನ್ ಬುಷ್‌ಗೆ ಈ ನಿಯಮವಿಲ್ಲ, ಅದು ಕೊಳವೆಯ ಮೇಲೆ ತಿರುಗುತ್ತದೆ. ಆದರೆ ಒಳಗೆ ಸಿಲಿಕೋನ್ ಗ್ರೀಸ್ ಇಲ್ಲದಿದ್ದರೆ ಅಂಟಿಕೊಂಡು, ಬಿಟ್ಟು, ಮತ್ತೆ ಅಂಟಿಕೊಂಡು ಸಸ್ಪೆನ್ಷನ್ ಎಳೆದೆಳೆದು ಆಡುತ್ತದೆ.

ಕಾರಿಗೊಂದು ಸ್ವಂತ ಕಾಯಿಲೆಯೂ ಇರುತ್ತದೆ. ಟ್ರಯಂಫ್ ಸ್ಪಿಟ್‌ಫೈರ್‌ನ ಮುಂದಿನ ಟ್ರನಿಯನ್‌ಗೆ (ಚಕ್ರ ತಿರುಗುವ ಕೆಳಗಿನ ಕೀಲಿಗೆ) ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ತುಂಬಿದ ಟ್ರನಿಯನ್ ಒಳಗೆ ಒಣಗಿ ಸ್ಟಿಯರಿಂಗ್ ಬಿಗಿಯಾಗುತ್ತದೆ, ಮುರಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಮಿನಿಯಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದು ರಬ್ಬರ್ ಕೋನ್. ಅದು ವರ್ಷಗಳಲ್ಲಿ ಕುಗ್ಗಿ ಕಾರು ತಗ್ಗುತ್ತದೆ. ಹಿಂದಿನ ರೇಡಿಯಸ್ ಆರ್ಮ್‌ನ ಪಿವೋಟ್‌ಗೆ ಗ್ರೀಸ್ ಕಾಣಿಸದಿದ್ದರೆ ಬೇರಿಂಗ್ ತಿಂದುಹೋಗಿ ಹಿಂಚಕ್ರದ ತಲೆ ಒಳಕ್ಕೆ ವಾಲುತ್ತದೆ. ಇನ್ನು ಎಂಜಿಬಿ: 1974ರಲ್ಲಿ ರಬ್ಬರ್ ಬಂಪರ್ ಬಂದಾಗ ಕಾರಿನ ಎತ್ತರ ಹೆಚ್ಚಿಸಿ, ತೆರೆದ ಮಾದರಿಯಾದ ರೋಡ್‌ಸ್ಟರ್‌ನಿಂದ ಮುಂದಿನ ಬಾರ್ ತೆಗೆದುಹಾಕಿದರು. 1977ರ ಮಾದರಿಗೆ ಮುಂದೆಯೂ ಹಿಂದೆಯೂ ಬಾರ್ ಬಂತು. ಈ ನಡುವಿನ ಕಾರು ವಾಲಿದರೆ ಅದು ದೋಷವಲ್ಲ, ಆ ಭಾಗವೇ ಅದರಲ್ಲಿ ಇಲ್ಲ.

ಬಾಡಿಯನ್ನೂ ಮರೆಯಬೇಡಿ. ಮುಂದಿನ ಒಂದು ಮೂಲೆಯನ್ನು ಜ್ಯಾಕ್‌ನಿಂದ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲಿನ ಸಂದು ಗಣನೀಯವಾಗಿ ಬದಲಾದರೆ ಶೆಲ್ಲೇ ಬಾಗುತ್ತಿದೆ. ಬಾಗುವ ಶೆಲ್ ಮೇಲೆ ಎಂಥ ಬಾರ್ ಹಾಕಿದರೂ ಅದು ಚಕ್ರವನ್ನು ಹಿಡಿಯುವ ಬದಲು ಶೆಲ್ ಅನ್ನು ತಿರುಚುತ್ತದೆ. ಸ್ಪ್ರಿಂಗ್ ಕೂರುವ ಜಾಗ, ಸಬ್‌ಫ್ರೇಮ್ ಬೋಲ್ಟ್ ಜಾಗ, ಲೀಫ್ ಸ್ಪ್ರಿಂಗ್ ಹ್ಯಾಂಗರ್, ಇವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ತುಕ್ಕು ನೋಡಿ.

ಶಾಕ್: ಎಷ್ಟು ಅಲ್ಲ, ಎಷ್ಟು ಬೇಗ

ಕಾರು ಕೊನೆಗೆ ಎಷ್ಟು ಡಿಗ್ರಿ ವಾಲಿ ನಿಲ್ಲಬೇಕು ಎಂದು ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಬಾರ್. ಅಲ್ಲಿಗೆ ಎಷ್ಟು ಬೇಗ ತಲುಪಬೇಕು ಎಂದು ನಿರ್ಧರಿಸುವುದು ಶಾಕ್. ವೃತ್ತದಲ್ಲಿ ತೆಗೆದ ಫೋಟೋದಲ್ಲಿ ಕೋನ ಸರಿಯಾಗಿದ್ದೂ ಎಡಬಲ ತಿರುವುಗಳಲ್ಲಿ ಕಾರು ದೋಣಿಯಂತೆ ತೂಗಿದರೆ ದೋಷ ಶಾಕ್‌ನಲ್ಲಿದೆ. ಸ್ಪ್ರಿಂಗ್ ಮುಟ್ಟುವ ಅಗತ್ಯವಿಲ್ಲ.

ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕ್ ಅನ್ನು ಮಾತ್ರ ಹಿಡಿಯುತ್ತದೆ. ಬಿಚ್ಚಿ ನೋಡುವುದೇ ಸರಿ. ಟ್ವಿನ್ ಟ್ಯೂಬ್ ಶಾಕ್ ಮಲಗಿಸಿಟ್ಟಿದ್ದರೆ ಒಳಗಿನ ಟ್ಯೂಬ್‌ಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ತೀರ್ಮಾನಿಸಿ. ಎಳೆತದಲ್ಲೆಲ್ಲೂ ಸಡಿಲ ಜಾಗ ಸಿಗಬಾರದು.

ತೋಳಿನಿಂದ ಆಡುವ ಹಳೆಯ ಬಗೆಯ ಲಿವರ್ ಆರ್ಮ್ ಶಾಕ್ ಇರುವ ಕಾರುಗಳಲ್ಲಿ ಲಿಂಕ್ ಬಿಚ್ಚಿ, ಆರ್ಮ್ ಅನ್ನು ಕೈಯಲ್ಲಿ ನಿಧಾನ ಮೇಲೆ ಕೆಳಗೆ ಆಡಿಸಿ. ಎರಡೂ ದಿಕ್ಕಿನಲ್ಲಿ ಜೇನುತುಪ್ಪದಲ್ಲಿ ಚಮಚ ಆಡಿಸಿದಂತೆ ಒಂದೇ ಸಮ ತಡೆ ಸಿಗಬೇಕು. ದಿಕ್ಕು ಬದಲಿಸಿದಾಗ ಮೊದಲ ಅರ್ಧ ಇಂಚು ಖಾಲಿ ಹೋದರೆ ಎಣ್ಣೆ ಇಳಿದು ಗಾಳಿ ಸೇರಿದೆ. ಫಿಲ್ಲರ್ ಪ್ಲಗ್ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ. ಒಂದು ಮರಳಿನ ಕಣ ವಾಲ್ವ್ ಕೆಳಗೆ ಕೂತರೂ ಶಾಕ್ ಕೆಲಸ ಬಿಡುತ್ತದೆ. ಎಣ್ಣೆ ಹಾಕುತ್ತಾ ಆರ್ಮ್ ಆಡಿಸುತ್ತಾ ಗುಳ್ಳೆ ನಿಲ್ಲುವವರೆಗೆ ತುಂಬಿ. ಎಂಜಿಬಿಯ ಮುಂದಿನ ಶಾಕ್‌ನ ಆರ್ಮ್ ಚಕ್ರವನ್ನು ಹಿಡಿಯುವ ಮೇಲಿನ ವಿಶ್‌ಬೋನ್ (ಕವಲಾದ ತೋಳು) ಕೂಡ ಹೌದು. ಅದರ ಶಾಫ್ಟ್ ಸವೆದರೆ ಶಾಕ್ ಜೊತೆಗೆ ಕ್ಯಾಂಬರ್ ಕೂಡ ಅಲುಗಾಡುತ್ತದೆ.

ಹೊಂದಿಸಬಹುದಾದ ಶಾಕ್ ಇದ್ದರೆ ನಾಲ್ಕನ್ನೂ ಪೂರ್ತಿ ಮೆದು ಮಾಡಿ, ಅಲ್ಲಿಂದ ಎರಡೆರಡು ಕ್ಲಿಕ್ ಏರಿಸಿ. ರಿಬೌಂಡ್, ಅಂದರೆ ಶಾಕ್ ಹಿಗ್ಗುವಾಗಿನ ತಡೆ, ಅತಿಯಾದರೆ ಉಬ್ಬುತಗ್ಗಿನ ಮೇಲೆ ಚಕ್ರ ಕೆಳಗಿಳಿಯುವುದಕ್ಕೆ ಸಮಯ ಸಾಲದೆ, ಕಾರು ಉಬ್ಬಿನಿಂದ ಉಬ್ಬಿಗೆ ತಗ್ಗುತ್ತಾ ಹೋಗುತ್ತದೆ. ಲ್ಯಾಪ್‌ನ ಮೊದಲ ತಿರುವಿನಲ್ಲಿ ಚೆನ್ನಾಗಿದ್ದು ಸಾಲು ತಿರುವುಗಳಲ್ಲಿ ಹಿಡಿತ ಕರಗುವ ಕಾರಿನ ಲಕ್ಷಣ ಇದೇ.

ಇದ್ದಕ್ಕಿದ್ದಂತೆ ಮೂತಿ ಹೊರಕ್ಕೆ ಹೋಗುತ್ತದೆ

ತಿರುವಿನ ನಡುವೆ ಎಲ್ಲ ಸರಿಯಿದ್ದು, ಇನ್ನೊಂದಿಷ್ಟು ವೇಗ ಸೇರಿಸಿದ ತಕ್ಷಣ ಮುಂಭಾಗ ಧುತ್ತೆಂದು ಜಾರಿದರೆ ಬಂಪ್ ಸ್ಟಾಪ್ ನೋಡಿ. 1.25 ಮೀಟರ್ ಟ್ರ್ಯಾಕ್‌ನ ಕಾರು 5 ಡಿಗ್ರಿ ವಾಲಿದಾಗ ಹೊರಗಿನ ಚಕ್ರದ ಬಳಿ ಬಾಡಿ ಸುಮಾರು 55 ಮಿ.ಮೀ. ಕುಸಿಯುತ್ತದೆ. ಕಾರನ್ನು ತಗ್ಗಿಸಿ ಬಂಪ್ ಸ್ಟಾಪ್‌ಗೆ 40 ಮಿ.ಮೀ. ಅಷ್ಟೇ ಉಳಿಸಿದ್ದರೆ ಪ್ರತಿ ತಿರುವಿನಲ್ಲೂ ಅದು ಬಡಿಯಲೇಬೇಕು. ಬಡಿದ ಕ್ಷಣ ಆ ಮೂಲೆಯ ಸ್ಪ್ರಿಂಗ್ ಕಲ್ಲಾಗುತ್ತದೆ, ಹೊರಳುವ ಭಾರವೆಲ್ಲ ಆ ಒಂದು ಟೈರ್ ಮೇಲೆ ಕೂರುತ್ತದೆ, ಟೈರ್ ಕೈಬಿಡುತ್ತದೆ. ಹಿಂದೆ ಬಡಿದರೆ ಬಾಲ ಹೋಗುತ್ತದೆ.

ಪತ್ತೆ ಸುಲಭ: ಬಂಪ್ ಸ್ಟಾಪ್ ಮೇಲೆ ಬಿಳಿ ಗ್ರೀಸ್ ಅಥವಾ ಮಕ್ಕಳ ಆಟದ ಜೇಡಿಮಣ್ಣು ಮೆತ್ತಿ, ಐದು ಸುತ್ತು ಹಾಕಿ ಬಂದು ನೋಡಿ. ಚಪ್ಪಟೆಯಾಗಿದ್ದರೆ ಉತ್ತರ ಸಿಕ್ಕಿತು. ಬಂಪ್ ಸ್ಟಾಪ್ ಅನ್ನು ಕತ್ತರಿಸಿ ಎಸೆಯುವುದು ಪರಿಹಾರವಲ್ಲ, ಆಗ ಲೋಹಕ್ಕೆ ಲೋಹ ಬಡಿಯುತ್ತದೆ. ಕಾರನ್ನು 10–15 ಮಿ.ಮೀ. ಎತ್ತರಿಸಿ, ಅಥವಾ ಸ್ಪ್ರಿಂಗ್ ಗಟ್ಟಿ ಮಾಡಿ. ಅತಿಯಾಗಿ ತಗ್ಗಿಸಿದ ಕಾರನ್ನು ಎತ್ತರಿಸಿದ ಮೇಲೆ ಸಮಯ ಇಳಿದರೆ ಅಚ್ಚರಿ ಪಡಬೇಕಿಲ್ಲ.

ತಗ್ಗಿಸಿದ ಮೇಲೆ ಇನ್ನಷ್ಟು ವಾಲುವ ಕಾರು

ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ, ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವ ಜೋಡಣೆ) ಇರುವ ಕಾರುಗಳಲ್ಲಿ ಇದು ಮಾಮೂಲು. ಬಾಡಿ ವಾಲುವುದು ರೋಲ್ ಸೆಂಟರ್ ಎಂಬ ಬಿಂದುವಿನ ಸುತ್ತ. ಭಾರಕೇಂದ್ರಕ್ಕೂ ಆ ಬಿಂದುವಿಗೂ ಇರುವ ಅಂತರವೇ ಕಾರನ್ನು ವಾಲಿಸುವ ಸನ್ನೆಕೋಲು. ಸ್ಟ್ರಟ್ ಕಾರನ್ನು 40 ಮಿ.ಮೀ. ತಗ್ಗಿಸಿದರೆ ಭಾರಕೇಂದ್ರ 40 ಇಳಿಯುತ್ತದೆ, ರೋಲ್ ಸೆಂಟರ್ ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಸನ್ನೆಕೋಲು ಉದ್ದವಾಗುತ್ತದೆ.

ನೋಡುವ ಬಗೆ: ಚಾಲಕರು ಕೂತ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಆರ್ಮ್ ಗಮನಿಸಿ. ಬಾಲ್ ಜಾಯಿಂಟ್ ಇರುವ ಹೊರತುದಿ ಒಳತುದಿಗಿಂತ ಕೆಳಗಿರಬೇಕು, ಕೊನೆಗೆ ಸಮವಾದರೂ ಇರಬೇಕು. ಹೊರತುದಿ ಮೇಲಿದ್ದರೆ ಕಾರು ಅತಿ ತಗ್ಗಿದೆ. ಎತ್ತರಿಸಲು ಮನಸ್ಸಿಲ್ಲದಿದ್ದರೆ ಸ್ಟ್ರಟ್‌ನ ತಳಕ್ಕೂ ಬಾಲ್ ಜಾಯಿಂಟ್‌ಗೂ ನಡುವೆ 20–25 ಮಿ.ಮೀ. ಸ್ಪೇಸರ್ ಕೂರಿಸಬಹುದು. ಬೋಲ್ಟ್ ಅಷ್ಟೇ ಉದ್ದ ಹೆಚ್ಚಿರಬೇಕು, ದರ್ಜೆ ಮೂಲದ್ದಕ್ಕಿಂತ ಕಡಿಮೆ ಇರಬಾರದು, ರಿಮ್‌ಗೆ ತಾಗದಂತೆ ಚಕ್ರ ಪೂರ್ತಿ ತಿರುಗಿಸಿ ನೋಡಬೇಕು.

ತಗ್ಗಿಸಿದಾಗ ಕೆಡುವ ಇನ್ನೊಂದು ಸಂಗತಿ ಬಂಪ್ ಸ್ಟಿಯರ್, ಅಂದರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಚಕ್ರ ತಾನಾಗಿ ತಿರುಗುವುದು. ಸ್ಪ್ರಿಂಗ್ ತೆಗೆದು, ಸ್ಟಿಯರಿಂಗ್ ನೇರವಾಗಿ ಕಟ್ಟಿಹಾಕಿ, ಹಬ್‌ಗೆ ಚಪ್ಪಟೆ ತಗಡು ಬಿಗಿದು, ಅದರ ಮುಂದೆ ಹಿಂದೆ ಎರಡು ಡಯಲ್ ಗೇಜ್ ಇಡಿ. ಓಡುವ ಎತ್ತರದಿಂದ ಮೇಲಕ್ಕೆ 50, ಕೆಳಕ್ಕೆ 50 ಮಿ.ಮೀ. ವರೆಗೆ, 10 ಮಿ.ಮೀ.ಗೊಮ್ಮೆ ನಿಲ್ಲಿಸಿ ಎರಡು ಗೇಜ್‌ಗಳ ವ್ಯತ್ಯಾಸ ಬರೆಯಿರಿ. 25 ಮಿ.ಮೀ. ಓಡಾಟಕ್ಕೆ ಅರ್ಧ ಮಿ.ಮೀ. ಒಳಗಿದ್ದರೆ ಸಾಕು. ಎರಡು ಮೂರು ಮಿ.ಮೀ. ಬಂದರೆ ಕಾರು ವಾಲಿದಾಗ ತಾನೇ ಸ್ಟಿಯರಿಂಗ್ ತಿರುಗಿಸುತ್ತಿದೆ. ಚಾಲಕರು ಅದನ್ನೇ "ವಾಲುವುದು" ಎಂದು ಹೇಳುತ್ತಿರಬಹುದು. ರ‍್ಯಾಕ್‌ನ ಎತ್ತರ ಅಥವಾ ಟೈ ರಾಡ್ ತುದಿಯ ಎತ್ತರವನ್ನು ತೆಳು ತಗಡಿನ ಶಿಮ್ ಹಾಕಿ ಬದಲಿಸಬೇಕು.

ಟೈರ್ ಹೇಳುವುದನ್ನು ಓದುವುದು

ವಾಲುವುದು ತಿರುಗುವ ಬಲಕ್ಕೆ ತಕ್ಕಷ್ಟು. ಕಾರಿನ ಕಾಲದ ಹಳೆಯ ಬಗೆಯ ಟೈರ್‌ನಲ್ಲಿ 0.75 ಜಿ ಎಳೆಯುತ್ತಿದ್ದ ಕಾರು 4 ಡಿಗ್ರಿ ವಾಲುತ್ತಿತ್ತು ಎನ್ನೋಣ. ಅದಕ್ಕೆ 1.1 ಜಿ ಎಳೆಯುವ ಸೆಮಿ-ಸ್ಲಿಕ್ ಸ್ಪರ್ಧಾ ಟೈರ್ ಹಾಕಿದರೆ ಅದೇ ಸ್ಪ್ರಿಂಗ್ ಮೇಲೆ ಸುಮಾರು 6 ಡಿಗ್ರಿ ವಾಲುತ್ತದೆ. "ಹೊಸ ಟೈರ್ ಹಾಕಿದ ಮೇಲೆ ಸಸ್ಪೆನ್ಷನ್ ಕೆಟ್ಟಿತು" ಎಂಬ ದೂರಿನ ಹಿಂದಿರುವುದು ಇದೇ. ಹಳೆಯ ಬಗೆಯ ಕ್ರಾಸ್‌ಪ್ಲೈ ಟೈರ್‌ಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವುದು) ಅಷ್ಟಾಗಿ ಬೇಕಿಲ್ಲ. ಅದಕ್ಕೆ ಹೊಂದಿಸಿದ ಕಾರಿಗೆ ರೇಡಿಯಲ್ ಹಾಕಿ ಕ್ಯಾಂಬರ್ ಹಾಗೇ ಬಿಟ್ಟರೆ ಹೊರ ಅಂಚು ತಿಂದುಹೋಗುತ್ತದೆ.

ಸಮಾನ ಉದ್ದದ, ಸಮಾಂತರ ವಿಶ್‌ಬೋನ್ ಇದ್ದಾಗ ಬಾಡಿ ಎಷ್ಟು ಡಿಗ್ರಿ ವಾಲಿದರೆ ಚಕ್ರವೂ ಅಷ್ಟೇ ಡಿಗ್ರಿ ಹೊರಕ್ಕೆ ವಾಲುತ್ತದೆ. ನಿಂತಾಗ ಒಂದೂವರೆ ಡಿಗ್ರಿ ನೆಗೆಟಿವ್ ಇಟ್ಟು 4 ಡಿಗ್ರಿ ವಾಲಿದರೆ, ನೆಲದ ಮೇಲೆ ಟೈರ್ ಎರಡೂವರೆ ಡಿಗ್ರಿ ಪಾಸಿಟಿವ್‌ನಲ್ಲಿದೆ. ಎರಡು ಚಕ್ರಗಳನ್ನೂ ಒಂದೇ ಗಟ್ಟಿ ತೊಲೆಯಂತೆ ಜೋಡಿಸುವ ಹಿಂದಿನ ಲೈವ್ ಆಕ್ಸಲ್‌ಗೆ ಈ ತೊಂದರೆ ಇಲ್ಲ, ಬಾಡಿ ವಾಲಿದರೂ ಚಕ್ರಗಳು ನೆಟ್ಟಗೇ ಇರುತ್ತವೆ. ಆದ್ದರಿಂದ ಈ ಬಗೆಯ ಕಾರುಗಳಲ್ಲಿ ವಾಲುವುದನ್ನು ತಡೆಯಬೇಕಾದ್ದು ಮುಂದೆ.

ವೇಗವಾಗಿ ಓಡಿಸಿ ಬಂದ ಕೂಡಲೇ ಪೈರೋಮೀಟರ್ ಸೂಜಿಯನ್ನು ರಬ್ಬರ್‌ನೊಳಗೆ ಎರಡು ಮೂರು ಮಿ.ಮೀ. ಚುಚ್ಚಿ ಒಳ, ನಡು, ಹೊರ ಮೂರೂ ಕಡೆ ಬಿಸಿ ಅಳೆಯಿರಿ. ಮುಂಟೈರ್‌ನ ಒಳ ಅಂಚು ಹೊರಗಿನದಕ್ಕಿಂತ 5–10 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಕ್ಯಾಂಬರ್ ಸರಿಯಿದೆ. ಹೊರ ಅಂಚೇ ಬಿಸಿಯಾಗಿದ್ದರೆ ನೆಗೆಟಿವ್ ಸಾಲದು. ನಡುಭಾಗ ಎರಡೂ ಅಂಚಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚು, ತಣ್ಣಗಿದ್ದರೆ ಗಾಳಿ ಕಡಿಮೆ. ಪೈರೋಮೀಟರ್ ಇಲ್ಲವೇ, ಟೈರ್‌ನ ಭುಜಕ್ಕೆ ಸೀಮೆಸುಣ್ಣ ಬಳಿಯಿರಿ. ಸೈಡ್‌ವಾಲ್ ಮೇಲಿನ ಸಣ್ಣ ತ್ರಿಕೋನದ ಗುರುತಿನವರೆಗೆ ಸುಣ್ಣ ಅಳಿದಿದ್ದರೆ ಸರಿ, ಅದನ್ನೂ ದಾಟಿ ಅಳಿದಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ. ಎರಡು ಪಿಎಸ್‌ಐ ಏರಿಸಿ ಮತ್ತೆ ನೋಡಿ. ಸೈಡ್‌ವಾಲ್‌ನ ನಾಲ್ಕಂಕಿಯ ತಯಾರಿಕೆ ಸಂಖ್ಯೆಯನ್ನೂ ಓದಿ: 2319 ಎಂದರೆ 2019ರ 23ನೇ ವಾರ. ಗಟ್ಟಿಯಾದ ಹಳೆಯ ರಬ್ಬರ್ ಮೇಲೆ ಸಸ್ಪೆನ್ಷನ್ ಹೊಂದಿಸುವುದು ವ್ಯರ್ಥ.

ಒಂದೇ ಕಡೆಗೆ ಕೆಡುವ ಕಾರು

ವೃತ್ತದಲ್ಲಿ ಎಡ ಬಲ ಸಮಯಗಳು ಬೇರೆ ಬಂದಿದ್ದರೆ ಮೊದಲು ಬಾರ್‌ನ ಒಂದು ಲಿಂಕ್ (ಬಾರ್‌ನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೊಂಡಿ) ಬಿಚ್ಚಿ. ಚಾಲಕರು ಕೂತು, ಕಾರು ಸಮತಟ್ಟು ನೆಲದ ಮೇಲಿರುವಾಗ ಲಿಂಕ್‌ನ ಬೋಲ್ಟ್ ಬೆರಳಿಂದಲೇ ತೂರಬೇಕು. ತಳ್ಳಿ, ಎಳೆದು ಕೂರಿಸಬೇಕಾದರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆ. ಉದ್ದ ಹೊಂದಿಸಬಹುದಾದ ಲಿಂಕ್ ಹಾಕಿ ಅದನ್ನು ಶೂನ್ಯಕ್ಕೆ ತನ್ನಿ.

ಆಮೇಲೆ ನಾಲ್ಕು ಚಕ್ರಗಳ ತೂಕ. ಲಿಂಕ್ ಬಿಚ್ಚಿಯೇ ಇರಲಿ, ಟ್ಯಾಂಕ್ ಅರ್ಧ ಇರಲಿ, ಚಾಲಕರ ಸೀಟಿನಲ್ಲಿ ಅಷ್ಟೇ ತೂಕ ಇರಲಿ, ನಾಲ್ಕು ತಕ್ಕಡಿಗಳು ಒಂದೆರಡು ಮಿ.ಮೀ. ಒಳಗೆ ಒಂದೇ ಮಟ್ಟದಲ್ಲಿರಲಿ. ಎಡಮುಂದೆ 250, ಬಲಮುಂದೆ 240, ಎಡಹಿಂದೆ 200, ಬಲಹಿಂದೆ 210 ಕೆ.ಜಿ. ಬಂತು ಎನ್ನಿ. ಎಡಮುಂದೆ ಮತ್ತು ಬಲಹಿಂದೆ ಸೇರಿ 460, ಒಟ್ಟು 900ರಲ್ಲಿ 51.1 ಶೇಕಡ. ಈ ಕಾರು ಬಲಕ್ಕೆ ತಿರುಗುವಾಗ ಮೂತಿ ಹೊರಹೋಗುತ್ತದೆ, ಎಡಕ್ಕೆ ತಿರುಗುವಾಗ ಬಾಲ ಆಡುತ್ತದೆ. ಎಡಮುಂದಿನ ಸ್ಪ್ರಿಂಗ್ ಸೀಟನ್ನು ತುಸು ಇಳಿಸಿದರೆ ಆ ಕರ್ಣ ಹಗುರಾಗುತ್ತದೆ. 50 ಶೇಕಡದಿಂದ ಅರ್ಧ ಶೇಕಡದೊಳಗೆ ತಂದರೆ ಸಾಕು. ಚಾಲಕರು ಒಂದು ಪಕ್ಕ ಕೂರುವುದರಿಂದ ಎಡಬಲ ತೂಕ ಸಮ ಮಾಡಲು ಹೋಗಬೇಡಿ, ಕರ್ಣಗಳನ್ನು ಮಾತ್ರ ಸಮ ಮಾಡಿ.

ಹಿಂದೆ ಲೀಫ್ ಸ್ಪ್ರಿಂಗ್ ಇದ್ದರೆ

ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಕಟ್ಟಿದ ಲೀಫ್ ಸ್ಪ್ರಿಂಗ್ ಬರೀ ಸ್ಪ್ರಿಂಗ್ ಅಲ್ಲ, ಆಕ್ಸಲ್ ಅನ್ನು ಹಿಡಿದಿಡುವ ಕೈಯೂ ಅದೇ. ಸ್ಪ್ರಿಂಗ್‌ನ ಮುಂದಿನ ಕಣ್ಣು (ಅದನ್ನು ಬಾಡಿಗೆ ಜೋಡಿಸುವ ತುದಿಯ ಉಂಗುರ) ಆಕ್ಸಲ್‌ಗಿಂತ ಮೇಲಿದ್ದರೆ, ಕಾರು ವಾಲಿದಾಗ ಹೊರಗಿನ ಚಕ್ರ ಹಿಂದಕ್ಕೆ, ಒಳಗಿನದು ಮುಂದಕ್ಕೆ ಸರಿದು ಇಡೀ ಆಕ್ಸಲ್ ತಿರುವಿನ ಹೊರಗಡೆಗೆ ಸ್ಟಿಯರ್ ಆಗುತ್ತದೆ, ಬಾಲ ಜಾರುತ್ತದೆ. ಪಟ್ಟಿಗಳನ್ನು ಹೆಚ್ಚು ಬಾಗಿಸಿ ಹೊಸದಾಗಿ ಕಟ್ಟಿಸಿದ ಸೆಟ್ ಹಾಕಿದ ಮೇಲೆ ಕಾರಿನ ಹಿಂಭಾಗ ಎದ್ದು, ಸ್ಟಿಯರಿಂಗ್ ತಿರುಗಿಸಿದೊಡನೆ ಬಾಲ ಅಲುಗಿದಂತಾದರೆ ಕಾರಣ ಇದೇ. ಕಣ್ಣು ಆಕ್ಸಲ್‌ಗಿಂತ ಕೆಳಗಿದ್ದರೆ ಪರಿಣಾಮ ಉಲ್ಟಾ, ಕಾರು ಅಂಡರ್‌ಸ್ಟಿಯರ್ (ಮೂತಿ ಹೊರಕ್ಕೆ ಜಾರುವುದು) ಕಡೆಗೆ ಹೋಗುತ್ತದೆ.

ಹಿಂದಿನ ಸ್ಪ್ರಿಂಗ್‌ಗಳು ಟ್ರ್ಯಾಕ್‌ಗಿಂತ ಒಳಗೆ ಕೂತಿರುವುದರಿಂದ ವಾಲುವುದಕ್ಕೆ ಅವು ಕೊಡುವ ತಡೆಯೂ ಕಡಿಮೆ. ಟ್ರ್ಯಾಕ್ 1.25 ಮೀಟರ್, ಸ್ಪ್ರಿಂಗ್‌ಗಳ ನಡುವಿನ ಅಂತರ 0.95 ಮೀಟರ್ ಇದ್ದರೆ, ಚಕ್ರದ ಬಳಿಯೇ ಕೂತ ಸ್ಪ್ರಿಂಗ್ ಕೊಡುತ್ತಿದ್ದ ತಡೆಯಲ್ಲಿ ಸುಮಾರು 58 ಶೇಕಡ ಮಾತ್ರ ಸಿಗುತ್ತದೆ. ಹಾಗೆಂದು ಕಣ್ಣುಗಳಿಗೆ ಬಹಳ ಗಟ್ಟಿ ಬುಷ್ ತುಂಬಬೇಡಿ. ವಾಲಿದಾಗ ಪಟ್ಟಿ ತಿರುಚಿಕೊಳ್ಳಲೇಬೇಕು. ಬುಷ್ ಬಿಡದಿದ್ದರೆ ಆಕ್ಸಲ್ ಕಚ್ಚಿಕೊಂಡು ಅದೇ ಒಂದು ಲೆಕ್ಕಕ್ಕೆ ಸಿಗದ ಬಾರ್ ಆಗಿಬಿಡುತ್ತದೆ. ತಗ್ಗಿಸಲು ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಟ್ಟಿದ್ದರೆ ಆಕ್ಸಲ್ ಪಟ್ಟಿಯನ್ನು ತಿರುಚುವ ಸನ್ನೆ ಉದ್ದವಾಗಿ, ಎಳೆತದಲ್ಲಿ ಚಕ್ರ ಟಪಟಪನೆ ಕುಪ್ಪಳಿಸುತ್ತದೆ.

ಸ್ವಿಂಗ್ ಆಕ್ಸಲ್‌ಗೆ ನಿಯಮ ತಲೆಕೆಳಗು

ಸ್ವಿಂಗ್ ಆಕ್ಸಲ್ ಎಂದರೆ ಪ್ರತಿ ಹಿಂಚಕ್ರವೂ ನಡುವಿನ ಡಿಫರೆನ್ಷಿಯಲ್ ಬಳಿ ಮಾತ್ರ ಕೀಲಿರುವ ತನ್ನದೇ ಅರ್ಧ ಆಕ್ಸಲ್ ಮೇಲೆ ಆಡುವ ಜೋಡಣೆ. ಆರಂಭದ ಸ್ಪಿಟ್‌ಫೈರ್, ಪೋರ್ಶೆ 356, ಹಳೆಯ ಬೀಟಲ್, ಇವುಗಳಿಗೆ ಹಿಂದೆ ಬಾರ್ ಹಾಕಲೇಬೇಡಿ. ತಿರುವಿನಲ್ಲಿ ಹಿಂಭಾಗ ಎದ್ದು, ಹೊರಚಕ್ರ ಕಾರಿನ ಅಡಿಗೆ ಮಡಚಿಕೊಳ್ಳುವುದು ಇವುಗಳ ಹುಟ್ಟುಗುಣ. ಹಿಂದೆ ವಾಲುವ ತಡೆ ಹೆಚ್ಚಿದಷ್ಟೂ ಅದು ಹದಗೆಡುತ್ತದೆ. 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಅಡ್ಡ ಲೀಫ್ ಸ್ಪ್ರಿಂಗ್‌ನ ಹೆಚ್ಚಿನ ಪಟ್ಟಿಗಳು ನಡುವಿನಲ್ಲಿ ತೂಗುವಂತೆ ಮಾಡಿ, ಹಿಂದಿನ ತಡೆ ಇಳಿಸಿ, ಮುಂದೆ ದಪ್ಪ ಬಾರ್ ಕೊಟ್ಟದ್ದು ಇದಕ್ಕೇ. ಮುಂದೆ ಗಟ್ಟಿ, ಹಿಂದೆ ಮೆದು, ಹಿಂಚಕ್ರಕ್ಕೆ ಎರಡು ಮೂರು ಡಿಗ್ರಿ ನೆಗೆಟಿವ್. ತಿರುವಿನ ನಡುವೆ ಆಕ್ಸಿಲರೇಟರ್ ದಿಢೀರನೆ ಬಿಡಬಾರದು.

ಕೊನೆಗೆ ಬಾರ್

ಮೇಲಿನದೆಲ್ಲ ಮುಗಿದೂ ಕಾರು ಅತಿಯಾಗಿ ವಾಲುತ್ತಿದ್ದರೆ ಈಗ ಬಾರ್ ತೆಗೆದುಕೊಳ್ಳಿ. ಬಾರ್‌ನ ಬಿರುಸು ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. 16 ಮಿ.ಮೀ. ಬದಲು 19 ಹಾಕಿದರೆ ಕಣ್ಣಿಗೆ ಮೂರೇ ಮಿ.ಮೀ., ಬಿರುಸು ಮಾತ್ರ ಹತ್ತಿರಹತ್ತಿರ ಎರಡು ಪಟ್ಟು. ಹಾಗಾಗಿ ಒಂದೊಂದೇ ಅಳತೆ ಏರಿಸಿ. ಬಾರ್‌ನ ತೋಳಿನಲ್ಲಿ ಎರಡು ಮೂರು ತೂತು ಇದ್ದರೆ ಇನ್ನೂ ಒಳ್ಳೆಯದು: ತೋಳು ಗಿಡ್ಡವಾದಷ್ಟೂ ಬಾರ್ ಬಿರುಸು. ಮುಂದೆ ಬಿರುಸಾದರೆ ಅಂಡರ್‌ಸ್ಟಿಯರ್ ಕಡೆಗೆ, ಹಿಂದೆ ಬಿರುಸಾದರೆ ಓವರ್‌ಸ್ಟಿಯರ್ (ಬಾಲ ಜಾರುವುದು) ಕಡೆಗೆ ಕಾರು ಹೊರಳುತ್ತದೆ. ಇದಕ್ಕೊಂದು ವಿನಾಯಿತಿ ಇದೆ: ವಾಲಿದಾಗ ಮುಂಚಕ್ರದ ಕ್ಯಾಂಬರ್ ತೀರಾ ಕೆಡುವ ಕಾರಿನಲ್ಲಿ ಮುಂದಿನ ಬಾರ್ ಏರಿಸಿದರೆ ಮುಂದಿನ ಹಿಡಿತ ಹೆಚ್ಚಲೂಬಹುದು. ಟೈರ್‌ನ ಬಿಸಿ ಅದನ್ನು ತೋರಿಸುತ್ತದೆ.

ಫೋರ್ಡ್ ಎಸ್ಕಾರ್ಟ್‌ನಂಥ ಕಾರಿನಲ್ಲಿ ಮುಂದಿನ ಬಾರ್ ಕೆಳಗಿನ ಆರ್ಮ್ ಅನ್ನು ಹಿಂದುಮುಂದಾಗಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಬಾರ್ ಬದಲಿಸಿದ ಮೇಲೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಮತ್ತೆ ಅಳೆಯಲೇಬೇಕು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಹಳೆಯ ಕಾರುಗಳಿಗೆ ಮಾಡಿದ ನಿಯಮ, ಅಪೆಂಡಿಕ್ಸ್ ಕೆ ಅಡಿಯಲ್ಲಿ ಓಡುವ ಕಾರಿಗೆ ಆ ಕಾಲದಲ್ಲಿ ಇದ್ದ ಭಾಗಗಳಷ್ಟೇ ಸಲ್ಲುತ್ತವೆ, ಆದ್ದರಿಂದ ಬಾರ್ ಕೊಳ್ಳುವ ಮುಂಚೆ ಕಾರಿನ ಟೆಕ್ನಿಕಲ್ ಪಾಸ್‌ಪೋರ್ಟ್ (ಅದರ ತಾಂತ್ರಿಕ ವಿವರಗಳ ದಾಖಲೆ) ತೆರೆದು ನೋಡಿ.

ಒಳಗಿನ ಚಕ್ರ ನೆಲ ಬಿಟ್ಟಿತೆಂದು ಗಾಬರಿಯಾಗಬೇಕಿಲ್ಲ, ಯಾವ ಚಕ್ರ ಎಂಬುದನ್ನು ನೋಡಿ. 1964ರ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಷಿಪ್ ಗೆದ್ದ ಜಿಮ್ ಕ್ಲಾರ್ಕ್ ಅವರ ಲೋಟಸ್ ಕಾರ್ಟಿನಾ ತಿರುವುಗಳಲ್ಲಿ ಒಳಗಿನ ಮುಂಚಕ್ರ ಎತ್ತಿಕೊಂಡೇ ಓಡುತ್ತಿತ್ತು. ಎಳೆಯುವುದು ಹಿಂಚಕ್ರಗಳಾದಾಗ, ಎರಡೂ ನೆಲದ ಮೇಲಿದ್ದರೆ ಎಳೆತ ಉಳಿಯುತ್ತದೆ. ಮಿನಿಯಂಥ ಮುಂಚಕ್ರ ಎಳೆತದ ಕಾರು ಒಳಗಿನ ಹಿಂಚಕ್ರ ಎತ್ತಿದರೆ ಅದೂ ಸರಿಯೇ. ಎಳೆಯುವ ಚಕ್ರವೇ ಗಾಳಿಯಲ್ಲಿ ಸುತ್ತುತ್ತಿದ್ದರೆ ಆ ತುದಿಯ ಬಾರ್ ಅತಿಯಾಗಿದೆ, ಒಂದು ಅಳತೆ ಇಳಿಸಿ. ಒಂದೇ ಚಕ್ರ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದರೆ ಲಕ್ಷಣ ಮುಚ್ಚಿಹೋಗುತ್ತದೆ, ತಪ್ಪು ಹಾಗೇ ಇರುತ್ತದೆ.

ಹೊಸ ಬಾರ್ ಹಾಕಿದ ಮೇಲೆ ಅದೇ ವೃತ್ತ, ಅದೇ ಟೈರ್ ಒತ್ತಡ, ಎಡಕ್ಕೆ ಐದು, ಬಲಕ್ಕೆ ಐದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲ ಸ್ಪರ್ಧೆ ಮುಗಿಸಿ ಬಂದ ದಿನವೇ ಬಾರ್‌ನ ಬ್ರ್ಯಾಕೆಟ್ ಬಿಚ್ಚಿ, ಚಾಸಿಯ ತಗಡಿನಲ್ಲಿ ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಮೂಲ ಬಾರ್‌ಗೆಂದು ಮಾಡಿದ ಆ ತಗಡು ಈಗ ಎರಡು ಪಟ್ಟು ಬಲ ಹೊರುತ್ತಿದೆ. ಬಿರುಕು ಕಂಡರೆ ಹಿಂದಿನಿಂದ 3 ಮಿ.ಮೀ. ಪ್ಲೇಟ್ ವೆಲ್ಡ್ ಮಾಡಿಸಿ, ಆಮೇಲೆಯೇ ಮತ್ತೆ ಕೂರಿಸಿ.